ಗುಡ್ಡೆ ನೋಡಿ ನೀರಿಗಿಳಿಯಿರಿ

ರಜೆ ಸಿಕ್ಕಿತೆಂದರೆ ನೀವು ನೀರು ಹುಡುಕಿಕೊಂಡು ಹೊರಡುತ್ತೀರಿ. ಮಣಿಪಾಲದ ಹಾಸ್ಟೆಲ್‌ಗಳಿಂದ ಬೈಕಿನಲ್ಲಿ ಇಬ್ಬಿಬ್ಬರಾಗಿ, ಬೆಂಗಳೂರಿನಿಂದ ಅಜ್ಜಿಮನೆಗೆ ಬಂದವರು ಸೋದರಮಾವನ ಮಕ್ಕಳನ್ನು ಕಟ್ಟಿಕೊಂಡು, ಗಲ್ಫಿನಿಂದ ಬೇಸಿಗೆಗೆ ಬಂದವರು ಬಾಡಿಗೆ ಕಾರು ಮಾಡಿಕೊಂಡು. ಮಲ್ಪೆ, ಕಾಪುವಿನ ಕಡಲು ಎಲ್ಲರಿಗೂ ಗೊತ್ತು. ಈಗ ನಿಮಗೆ ಬೇಕಾದದ್ದು ಗುಡ್ಡೆಯ ಬುಡದಲ್ಲಿ, ಅಡಿಕೆ ತೋಟಕ್ಕೂ ಹಾಡಿಗೂ ನಡುವೆ ಇರುವ ಎದೆಮಟ್ಟದ ತಿಳಿನೀರಿನ ಹೊಂಡ. ಊರಿನವರಿಗಷ್ಟೇ ಗೊತ್ತಿರುವ ಒರತೆ. ಹೋಗಬೇಡಿ ಎಂದು ಬೆದರಿಸುವ ಹಿರಿಯರ ಸಾಲಿಗೆ ನಾನು ಸೇರಿದವನಲ್ಲ. ಹೋಗಿ. ಕರಾವಳಿಯಲ್ಲಿ ಹುಟ್ಟಿಯೂ ಒರತೆ ನೀರಿನಲ್ಲಿ ಮುಳುಗೇಳದೆ ದೊಡ್ಡವರಾಗುವುದು ದೊಡ್ಡ ನಷ್ಟ. ಆದರೆ ಚಪ್ಪಲಿ ಕಳಚುವ ಮೊದಲು ಒಂದು ಕೆಲಸ ಮಾಡಿ. ತಲೆಯೆತ್ತಿ ಮೇಲಿನ ಗುಡ್ಡೆಯನ್ನು ನೋಡಿ. ನೀವು ಇಳಿಯಲಿರುವ ನೀರು ಅಲ್ಲಿಂದ ಬರುತ್ತಿದೆ. ಆ ನೀರನ್ನು ನಂಬಬಹುದೇ, ಎಷ್ಟು ನಂಬಬಹುದು, ಮುಂದಿನ ವರ್ಷವೂ ಇದ್ದೀತೇ ಎಂಬುದೆಲ್ಲ ಗುಡ್ಡೆಯನ್ನು ನೋಡಿದರೆ ತಿಳಿಯುತ್ತದೆ.

ಉಡುಪಿ, ಕಾಪು, ಶಿರ್ವದ ಕಡೆ ನಮ್ಮ ನೆಲ ಮುರಕಲ್ಲಿನದು. ಮನೆ ಕಟ್ಟುವ ಕೆಂಪುಕಲ್ಲು ಅದೇ. ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. 1801ರಲ್ಲಿ ಕಾರ್ಕಳ, ಹಿರಿಯಡ್ಕ, ಉಡುಪಿಯ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕನನ್ ಈ ಕಲ್ಲಿನ ಗುಣವನ್ನು ಗಮನಿಸಿ ಬರೆದಿಟ್ಟ. ಅವನ ಪುಸ್ತಕ 1807ರಲ್ಲಿ ಬಂದ ಮೇಲೆ ಲ್ಯಾಟರೈಟ್ ಎಂಬ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಒಂದು ಮುರಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ಜೇನುಗೂಡಿನ ಹಾಗೆ ಒಳಗೆಲ್ಲ ತೂತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಪದವಿನ ಮೇಲೆ ಬಿದ್ದ ನೀರು ಈ ತೂತುಗಳಲ್ಲಿ ಇಳಿಯುತ್ತ ಹೋಗುತ್ತದೆ. ಕೆಳಗೆ ನುಣ್ಣಗಿನ ಶೇಡಿಮಣ್ಣಿನ ಪದರ ಸಿಗುತ್ತದೆ, ಅದು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಕೆಳಗೆ ಹೋಗಲಾಗದ ನೀರು ಅಡ್ಡಕ್ಕೆ ಸರಿಯುತ್ತದೆ, ಗುಡ್ಡೆಯ ಬದಿ ಎಲ್ಲಿ ಆ ಪದರವನ್ನು ಕತ್ತರಿಸಿದೆಯೋ ಅಲ್ಲಿ ಹೊರಗೆ ಬರುತ್ತದೆ. ಅದೇ ನಿಮ್ಮ ಒರತೆ.

ಮಾರ್ಚ್ ತಿಂಗಳಲ್ಲಿ ನೀವು ಮುಳುಗುವ ನೀರು ಹಿಂದಿನ ಮಳೆಗಾಲದ್ದು ಎಂದಾಯಿತು. ಇಷ್ಟು ತಿಂಗಳು ಗುಡ್ಡೆಯ ಹೊಟ್ಟೆಯಲ್ಲಿದ್ದು ಬರುವುದರಿಂದ ಅದರ ಬಿಸಿ ಹೆಚ್ಚು ಏರಿಳಿಯುವುದಿಲ್ಲ. ಧನುರ್ಮಾಸದ ಬೆಳಗ್ಗೆ ಬೆಚ್ಚಗೆ, ಏಪ್ರಿಲ್ ಮಧ್ಯಾಹ್ನ ತಣ್ಣಗೆ ಅನಿಸುವುದು ನಮ್ಮ ಮೈಗೆ. ನೀರು ಮಾತ್ರ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ.

ಒಮ್ಮೆ ಹೊಂಡದ ಅಂಚಿನಲ್ಲಿ ಕುಳಿತು, ಯಾರೂ ಇಳಿಯದೆ, ನೀರು ತಿಳಿಯಾಗುವ ತನಕ ಕಾಯಿರಿ. ತಳದಲ್ಲಿ ಒಂದು ಕಡೆ ಸಣ್ಣ ಮರಳು ಕುದಿಯುವ ಹಾಗೆ ಎದ್ದು ಬೀಳುತ್ತಿರುವುದು ಕಾಣುತ್ತದೆ. ಬೆರಳಿನ ಅಗಲದ ಜಾಗ ಅಷ್ಟೇ. ಹಗುರ ಕಣಗಳು ಮೇಲೆ ಹಾರಿ ದೂರ ಬೀಳುತ್ತವೆ, ಭಾರದವು ನಡುವಿನಲ್ಲೇ ಕುಣಿಯುತ್ತವೆ, ಸುತ್ತ ನುಣುಪಾದ ಮರಳಿನ ಬಳೆಯೊಂದು ಕಟ್ಟಿಕೊಂಡಿರುತ್ತದೆ. ಅದು ಜಲದ ಕಣ್ಣು. ಅದರ ಮೇಲೆ ಕಾಲಿಟ್ಟು ಮೆಟ್ಟಬೇಡಿ, ಕೋಲಿನಿಂದ ಕೆದಕಬೇಡಿ. ಮೆಟ್ಟಿ ಗಟ್ಟಿ ಮಾಡಿದರೆ ನೀರು ಬೇರೆ ದಾರಿ ಹುಡುಕಿಕೊಂಡು ಹೋಗುತ್ತದೆ. ಹಾಗೆ ಕೈಬಿಟ್ಟು ಹೋದ ಒರತೆಗಳನ್ನು ಮತ್ತೆ ಕರೆತರಲು ಆಗದೆ ಒದ್ದಾಡಿದ ಮನೆಗಳು ಉಂಟು.

ಕಾರ್ಕಳದ ಕಡೆ ಹೋದರೆ ನೆಲದ ಸ್ವಭಾವವೇ ಬೇರೆ. ಅಲ್ಲಿ ಪಾದೆಕಲ್ಲು ಮೇಲೆದ್ದು ನಿಂತಿದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಆ ಬಂಡೆನಾಡಿನ ಮಗ. ಬಂಡೆಗೆ ತೂತಿಲ್ಲ. ಮಳೆನೀರು ಮೈಮೇಲೆ ಜಾರಿ ಓಡುತ್ತದೆ, ಬಿರುಕುಗಳಲ್ಲಿ ನಿಂತಷ್ಟು ಮಾತ್ರ ಉಳಿಯುತ್ತದೆ. ಓಡುವ ನೀರನ್ನು ಹಿಡಿಯಬೇಕೆಂದೇ ಹಿಂದಿನವರು ಆನೆಕೆರೆ, ರಾಮಸಮುದ್ರಗಳಂಥ ಕೆರೆಗಳನ್ನು ಉಳಿಸಿಕೊಂಡು ಬಂದರು. ಇದನ್ನು ನಾನು ಪಾಠ ಹೇಳಲೆಂದು ಹೇಳುತ್ತಿಲ್ಲ. ಈಜುವವರ ಜೀವಕ್ಕೆ ಸಂಬಂಧಪಟ್ಟ ಮಾತಿದು. ಮುರಕಲ್ಲಿನ ಹೊಂಡದ ಬದಿ ಒರಟು. ಕಾಲಿಗೆ ಆಸರೆ ಸಿಗುತ್ತದೆ, ಬೆರಳು ತೂರಿಸಲು ತೂತುಗಳಿವೆ, ಸುಸ್ತಾದವನೂ ಹೇಗೋ ಮೇಲೆ ಬಂದಾನು. ಬಂಡೆಯ ಗುಂಡಿ ಹಾಗಲ್ಲ. ನೀರು ನೂರಾರು ವರ್ಷ ತಿಕ್ಕಿ ನುಣ್ಣಗೆ ಮಾಡಿದ ಗೋಡೆ, ಅದರ ಮೇಲೆ ಪಾಚಿ. ಚೆನ್ನಾಗಿ ಈಜುವ ಹುಡುಗನೂ ಹತ್ತಲಾಗದೆ ಅಂಚನ್ನು ಕೆರೆದು ಕೆರೆದು ಸೋಲುವುದು ಅಲ್ಲಿ. ಇಳಿಯುವ ಮೊದಲು ಹತ್ತುವ ಜಾಗ ಯಾವುದೆಂದು ನೋಡಿಟ್ಟುಕೊಳ್ಳಿ. ಹತ್ತುವ ಜಾಗ ಕಾಣದಿದ್ದರೆ ಇಳಿಯಬೇಡಿ.

ಇನ್ನೂ ಒಂದು ಜಾತಿಯ ನೀರುಂಟು, ಅದಕ್ಕೆ ಯಾವ ಕಾರಣಕ್ಕೂ ಇಳಿಯಬೇಡಿ. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯ ಹೊಂಡ. ಮಳೆಗಾಲ ಕಳೆದ ಮೇಲೆ ಹಸಿರು ನೀರು ತುಂಬಿ ನೋಡಲು ಈಜುಕೊಳದ ಹಾಗೆಯೇ ಇರುತ್ತದೆ. ಯಂತ್ರದಿಂದ ಕತ್ತರಿಸಿದ ನೆಟ್ಟಗಿನ ಗೋಡೆ, ದಡದಲ್ಲಿ ಒಂದು ಹೆಜ್ಜೆ ನೀರು, ಮುಂದಿನ ಹೆಜ್ಜೆಗೆ ಎರಡಾಳು ಆಳ. ಶಾಲೆ ಬಿಟ್ಟು ಬರುವ ದಾರಿಯಲ್ಲಿ ಕೈಕಾಲು ತೊಳೆಯಲು ಹೋದ ಮಕ್ಕಳು ಮನೆಗೆ ಬಾರದ ಸುದ್ದಿಯನ್ನು ಈ ಕರಾವಳಿ ಮತ್ತೆ ಮತ್ತೆ ಓದಿದೆ. ಬೇಲಿ ಇಲ್ಲದಿದ್ದರೂ ಅಲ್ಲಿ ಬೇಲಿ ಇದೆ ಎಂದು ತಿಳಿಯಿರಿ.

ತಿಳಿನೀರು ಕಣ್ಣಿಗೆ ಮೋಸ ಮಾಡುತ್ತದೆ. ಮೇಲಿನಿಂದ ನೋಡಿದರೆ ನಾಲ್ಕು ಅಡಿ ಆಳ ಮೂರು ಅಡಿಯಂತೆ ಕಾಣುತ್ತದೆ. ಬೆಳಕು ನೀರಿನಿಂದ ಹೊರಗೆ ಬರುವಾಗ ಬಾಗುವುದರಿಂದ ಹಾಗೆ. ಸೊಂಟದ ತನಕ ಬಂದೀತು ಎಂದುಕೊಂಡದ್ದು ಎದೆಗೆ ಬರುತ್ತದೆ. ಗೊತ್ತಿಲ್ಲದ ನೀರಿಗೆ ಕೋಲಿನಿಂದ ತಳ ಮುಟ್ಟಿ ನೋಡದೆ ಇಳಿಯಬೇಡಿ. ತಲೆ ಮುಂದಾಗಿ ಹಾರುವುದಂತೂ ಬೇಡವೇ ಬೇಡ. ಹಿಂದಿನ ಮಳೆಗೆ ಬಂದು ಕೂತ ಮರದ ಕಾಂಡ, ಕಲ್ಲಿನ ಮೊನೆ ಒಳಗಿದ್ದರೆ ಕುತ್ತಿಗೆಯ ಎಲುಬು ಮುರಿಯುತ್ತದೆ, ಉಳಿದ ಆಯುಷ್ಯವೆಲ್ಲ ಹಾಸಿಗೆಯಲ್ಲಿ.

ಮಳೆಗಾಲದಲ್ಲಿ ಘಟ್ಟದ ಬುಡದ ತೊರೆಗಳ ಆಸೆ ಬಿಡಿ. ಹೆಬ್ರಿ ಕಡೆಯ ಕೂಡ್ಲು ತೀರ್ಥ, ಜೋಮ್ಲು ತೀರ್ಥ, ಕಾರ್ಕಳ ಬದಿಯ ಹೊಳೆಗಳು ನೋಡಲು ಚೆಂದ, ನಿಜ. ಆದರೆ ಅವು ಘಟ್ಟದ ಸಾಲಿನ ನೀರು ಕುಡಿದು ಬರುವವು. ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಮೇಲೆ ಘಟ್ಟದಲ್ಲಿ ಸುರಿದ ಮಳೆ ಅರ್ಧ ಗಂಟೆಯಲ್ಲಿ ಕೆಳಗೆ ಬಂದುಬಿಡಬಹುದು. ತಿಳಿಯಾಗಿದ್ದ ನೀರು ಕೆಂಪಾಗತೊಡಗಿದರೆ, ಒಣ ಎಲೆ ಕಡ್ಡಿ ತೇಲಿ ಬಂದರೆ, ಹೊಳೆಯ ಸದ್ದು ಒಂದು ಮಟ್ಟ ದಪ್ಪವಾದರೆ, ಬಟ್ಟೆಬರೆ ಹುಡುಕುತ್ತ ನಿಲ್ಲದೆ ದಡ ಹತ್ತಿ. ಮೊಬೈಲ್ ಹೋದರೆ ಹೋಗಲಿ. ಅರಣ್ಯ ಇಲಾಖೆಯವರು ಗೇಟು ಹಾಕಿದ ದಿನ ಬೇರೆ ಕಾಲುದಾರಿ ಹುಡುಕುವುದು ಧೈರ್ಯವಲ್ಲ. ಗುಡ್ಡೆಯ ಒರತೆಯ ಹದವಾದ ಕಾಲ ಬೇರೆಯೇ. ದೀಪಾವಳಿ ಕಳೆದು ನೀರು ತಿಳಿಯಾದಲ್ಲಿಂದ ಮಾರ್ಚ್ ತನಕ. ಆ ಮೇಲೆ ಹೆಚ್ಚಿನ ಕಡೆ ನೀರು ಇಳಿಯುತ್ತದೆ, ಆಗ ಅದನ್ನು ತೋಟಕ್ಕೂ ಹಕ್ಕಿಪಕ್ಕಿಗೂ ಬಿಟ್ಟುಬಿಡುವುದು ಒಳ್ಳೆಯದು.

ಈಜು ಬಾರದವರು ಕಲಿಯಬೇಕು. ಹೆಣ್ಣುಮಕ್ಕಳಿಗೆ ಇದನ್ನು ಎರಡು ಸಲ ಹೇಳುತ್ತೇನೆ. ಬಟ್ಟೆ ಒಗೆಯಲು ಹೊಳೆಗೆ ಕಳಿಸಿದವರು ನಿಮ್ಮ ಅಜ್ಜಿಯರಿಗೆ ಈಜಲು ಬಿಡಲಿಲ್ಲ. ನೀರಿನ ಬದಿಯಲ್ಲೇ ಆಯುಷ್ಯ ಕಳೆದವರಿಗೆ ನೀರಿನಿಂದ ಪಾರಾಗುವ ವಿದ್ಯೆ ದಕ್ಕಲಿಲ್ಲ. ನಮ್ಮ ಕಾಲದಲ್ಲಿ ಕಲಿಸುವ ಸಾಮಾನು ಎರಡು ಒಣ ತೆಂಗಿನಕಾಯಿ. ಸಿಪ್ಪೆ ಸುಲಿಯದ, ಅಲ್ಲಾಡಿಸಿದರೆ ನೀರು ಸದ್ದು ಮಾಡುವ ಹಗುರದ ಕಾಯಿಗಳನ್ನು ಆರಿಸುವುದು. ಪ್ರತಿಯೊಂದರ ಸಿಪ್ಪೆಯಿಂದ ಬೆರಳಿನಗಲದ ಒಂದು ಪಟ್ಟಿಯನ್ನು ಬುಡ ಬಿಡಿಸದೆ ಎಬ್ಬಿಸಿ, ಎರಡೂ ಪಟ್ಟಿಗಳನ್ನು ಸೇರಿಸಿ ಗಂಟು ಹಾಕುವುದು. ಆ ಗಂಟಿನ ಮೇಲೆ ಮಗುವಿನ ಎದೆ, ಎರಡು ಕಂಕುಳಿನ ಹೊರಗೆ ಎರಡು ಕಾಯಿ. ಮಗು ಕೈಕಾಲು ಬಡಿಯುತ್ತ ತೇಲುತ್ತದೆ, ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿ ನಿಂತಿರುತ್ತಾರೆ. ವಾರ ಕಳೆಯುವಷ್ಟರಲ್ಲಿ ಕಾಯಿ ನೀರು ಕುಡಿದು ಭಾರವಾಗುತ್ತಿತ್ತು, ಅಷ್ಟರಲ್ಲಿ ಮಗುವಿಗೆ ಅದರ ಅಗತ್ಯ ಕಡಿಮೆಯಾಗಿರುತ್ತಿತ್ತು. ಈಗ ಉಡುಪಿ, ಮಣಿಪಾಲಗಳಲ್ಲಿ ಈಜುಕೊಳಗಳಿವೆ, ಕಲಿಸುವವರಿದ್ದಾರೆ. ಅಲ್ಲಿ ಕಲಿತು ಬನ್ನಿ. ಆದರೆ ಕೊಳದಲ್ಲಿ ಹತ್ತು ಸುತ್ತು ಹೊಡೆದವರು ಹೊಳೆಗೆ ಬಂದಾಗ ಮತ್ತೆ ಹೊಸಬರೇ. ಕೊಳದಲ್ಲಿ ಸೆಳವಿಲ್ಲ, ಸುಳಿಯಿಲ್ಲ, ಕೆಸರಿಲ್ಲ.

ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ಉಸಿರಿಗೇ ಸಾಲದ ಗಾಳಿ ಕೂಗಿಗೆ ಎಲ್ಲಿಂದ ಬರಬೇಕು? ಬಾಯಿ ನೀರಿನ ಮಟ್ಟಕ್ಕೆ, ತಲೆ ಹಿಂದಕ್ಕೆ, ಕೈಗಳು ಏಣಿ ಹತ್ತುವ ಹಾಗೆ. ನಾಲ್ಕು ಹೆಜ್ಜೆ ದೂರದಲ್ಲಿ ಗೆಳೆಯರು ಸೆಲ್ಫಿ ತೆಗೆಯುತ್ತಿರುವಾಗಲೇ ಸದ್ದಿಲ್ಲದೆ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಗುಂಪಿನಲ್ಲಿ ಒಬ್ಬರು ನೀರಿಗಿಳಿಯದೆ ದಡದಲ್ಲಿ ಕೂತು ತಲೆ ಎಣಿಸುತ್ತಿರಬೇಕು. ಸರದಿಯ ಮೇಲೆ ಆ ಕೆಲಸ ಹಂಚಿಕೊಳ್ಳಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ, ಅವರು ನಿಮ್ಮನ್ನೇ ಅಪ್ಪಿಕೊಂಡು ಒಳಗೆಳೆಯುತ್ತಾರೆ. ಒಬ್ಬನನ್ನು ಉಳಿಸಹೋಗಿ ಇಬ್ಬರು ಮೂವರು ಹೋದದ್ದೇ ನಮ್ಮ ಹೊಳೆಗಳ ದೊಡ್ಡ ದುಃಖ. ಬೈರಾಸು ಎಸೆಯಿರಿ, ಪಂಚೆ ಎಸೆಯಿರಿ, ಬಿದಿರಿನ ಗಳು ಚಾಚಿ, ಬಾಯಿ ಮುಚ್ಚಿದ ಖಾಲಿ ಕ್ಯಾನ್ ಆದರೂ ಸರಿ. ಮೇಲೆ ತಂದವರ ಹೊಟ್ಟೆ ಒತ್ತಿ ನೀರು ಹೊರಗೆ ಹಾಕುವುದು, ತಲೆಕೆಳಗು ಮಾಡುವುದು ಹಳೆಯ ತಪ್ಪು ರೂಢಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಇನ್ನೊಬ್ಬರು 112ಕ್ಕೆ ಕರೆ ಮಾಡಬೇಕು. ಆ ವಿದ್ಯೆ ಒಂದು ಮಧ್ಯಾಹ್ನದಲ್ಲಿ ಕಲಿಯುವಂಥದ್ದು. ಮೆಡಿಕಲ್ ಕಾಲೇಜಿನ ಊರಿನಲ್ಲೇ ಇದ್ದುಕೊಂಡು ಕಲಿಯದಿರಲು ನಿಮಗೆ ನೆವ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಮುಳುಗಿ ಸತ್ತರು, ಅವರಲ್ಲಿ ಬಹಳಷ್ಟು ಜನ ಎಳೆಯರು. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಇದಕ್ಕಾಗಿ ಜಾಗೃತಿಯ ದಿನವನ್ನಾಗಿ ಮಾಡಿತು. ನಮ್ಮಲ್ಲಿ ಅದು ಆಟಿ ತಿಂಗಳು, ಹೊಳೆಗಳೆಲ್ಲ ತುಂಬಿರುವ ಹೊತ್ತು.

ಇಲಿಜ್ವರದ ಮಾತನ್ನೂ ಹೇಳಬೇಕು. ಕಾಲಿನಲ್ಲಿ ಗಾಯ ಇದ್ದರೆ ಕೆಸರು ನೀರಿಗೆ ಇಳಿಯಬೇಡಿ. ಹೊಂಡದಲ್ಲಿ ಮಿಂದು ಬಂದು ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ನೀರಿಗಿಳಿದ ಸಂಗತಿ. ಬೇಗ ಗೊತ್ತಾದರೆ ಸಾಮಾನ್ಯ ಔಷಧಿಗೆ ಬಗ್ಗುವ ಕಾಯಿಲೆ ಅದು.

ಇನ್ನು, ಯಾರ ನೀರು? ನಿಮಗೆ ಅದು ಕಾಡಿನ ನಡುವೆ ಯಾರೂ ಇಲ್ಲದ ಜಾಗವಾಗಿ ಕಂಡೀತು. ಈ ಊರಿನಲ್ಲಿ ಯಾರೂ ಇಲ್ಲದ ನೀರು ಎಂಬುದಿಲ್ಲ. ಕೆಳಗೆ ಒಂದು ತೋಟ ಉಂಟು, ಅದರಾಚೆ ಬೈಲಿನ ಗದ್ದೆ, ಪಕ್ಕದಲ್ಲಿ ನಾಗಬನ. ಬನದ ಮರ ಕಡಿಯಬಾರದೆಂಬ ಕಟ್ಟಳೆಯಿಂದಲೇ ಎಷ್ಟೋ ಒರತೆಗಳು ಇವತ್ತಿಗೂ ಉಳಿದಿವೆ. ತೋಡಿನ ಬದಿಯ ಮುಳ್ಳಿನ ಮುಂಡೇವಿನ ಪೊದೆ ಮಣ್ಣು ಹಿಡಿದು ನಿಂತಿರುತ್ತದೆ, ಅದೇ ಎಲೆಯಿಂದ ಅಷ್ಟಮಿಗೆ ಮೂಡೆ ಕಟ್ಟುತ್ತಾರೆ. ದಾರಿಗೆ ಅಡ್ಡ ಎಂದು ಕಡಿಯಬೇಡಿ. ಹತ್ತಿರದ ಮನೆಯಂಗಳಕ್ಕೆ ಹೋಗಿ ಒಂದು ಮಾತು ಕೇಳಿ, ಮೀಯಬಹುದೋ ಎಂದು. ನೂರಕ್ಕೆ ತೊಂಬತ್ತು ಕಡೆ ಹ್ಞೂಂ ಅನ್ನುತ್ತಾರೆ, ಬೆಲ್ಲ ನೀರು ಕೊಡುತ್ತಾರೆ, ಎಲ್ಲಿ ಆಳ, ಎಲ್ಲಿ ಕೆಸರು ಎಂದು ತೋರಿಸುತ್ತಾರೆ. ಆ ನೀರಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ನಿಮ್ಮ ಮ್ಯಾಪಿಗೆ ಗೊತ್ತಿಲ್ಲ. ಬೇಡ ಎಂದರೆ ಕೈಮುಗಿದು ಬನ್ನಿ. ಸೋಪು, ಶ್ಯಾಂಪೂ ನೀರಿಗೆ ಬೇಡ, ಅದರಲ್ಲಿರುವ ಮೀನುಮರಿಗಳು ತಾಳುವುದಿಲ್ಲ. ಬಾಟಲಿ ತರಲೇಬೇಡಿ. ಒಡೆದ ಗಾಜಿನ ಮೇಲೆ ಮರುದಿನ ಬರಿಗಾಲಿಡುವವರು ತೋಟಕ್ಕೆ ನೀರು ತಿರುಗಿಸಲು ಬರುವವರು. ಮತ್ತೆ ವಿಡಿಯೋ ಹಾಕಿ ಜಾಗದ ಗುರುತು ಕೊಡಬೇಡಿ. ಐದು ಜನಕ್ಕೆ ಸಾಕಾಗುವ ಹೊಂಡಕ್ಕೆ ಐನೂರು ಜನ ಬಂದರೆ ಊರಿನವರು ಬೇಲಿ ಹಾಕುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕೆಲವು ನೀರು ಆಟಕ್ಕಲ್ಲ. ಕಾಪುವಿನಿಂದ ದೂರವಿಲ್ಲದ ಕುಂಜಾರುಗಿರಿಯ ಸುತ್ತ ನಾಲ್ಕು ತೀರ್ಥಗಳಿವೆ: ಪರಶು, ಧನುಸ್ಸು, ಗದಾ, ಬಾಣ. ಪರಶುರಾಮ ಮಾಡಿದ್ದೆಂದು ಪ್ರತೀತಿ. ಗುಡ್ಡೆಯ ಬುಡದ ಪಾಜಕ ಮಧ್ವಾಚಾರ್ಯರು ಹುಟ್ಟಿದ ಊರು, ಅಲ್ಲಿ ವಾಸುದೇವ ತೀರ್ಥವಿದೆ. ಅಲ್ಲಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು ನೋಡಿ. ಒಂದೇ ಗುಡ್ಡೆಯ ಸುತ್ತ ಇಷ್ಟು ಕಡೆ ನೀರನ್ನು ಗುರುತಿಸಿ, ಹೆಸರಿಟ್ಟು, ಮಲಿನ ಮಾಡಬಾರದೆಂದು ಕಟ್ಟು ಹಾಕಿದವರ ಬುದ್ಧಿ ನಿಮಗೆ ತಿಳಿಯುತ್ತದೆ. ಈಜಲು ಬೇರೆ ಜಾಗ ನೋಡಿಕೊಳ್ಳಿ.

ಈಗ ಮತ್ತೆ ಗುಡ್ಡೆಯ ಮಾತಿಗೆ ಬರುತ್ತೇನೆ, ನನ್ನ ಮುಖ್ಯ ಮಾತು ಅದೇ. ಮಣಿಪಾಲ ಹಿಂದೆ ಬೋಳು ಮುರಕಲ್ಲಿನ ಗುಡ್ಡೆ. 1953ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಊರು ಬೆಳೆಯಿತು. ಬೆಳೆದದ್ದಕ್ಕೆ ನನ್ನ ತಕರಾರಿಲ್ಲ, ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಗುಡ್ಡೆ ಅದು. ಆದರೆ ಗುಡ್ಡೆಯ ನೆತ್ತಿಯ ಮೇಲೆ ಬಿದ್ದ ಮಳೆ ಕಾಂಕ್ರೀಟು, ಡಾಂಬರಿನ ಮೇಲೆ ಓಡಿ ಚರಂಡಿ ಸೇರಿದರೆ ಬುಡದ ಒರತೆಗೆ ಏನು ಸಿಗಬೇಕು? ತೂತಿನ ಕಲ್ಲು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ವೇಗದಲ್ಲಿ ಇಳಿಸುತ್ತದೆ, ಸೋಸುವ ಶಕ್ತಿ ಅದಕ್ಕೆ ಕಡಿಮೆ. ಮೇಲೆ ಮನೆಗಳ ಶೌಚಗುಂಡಿಗಳಿದ್ದರೆ ಕೆಳಗಿನ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ, ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಮೇಲೆ ಕಲ್ಲು ಕಡಿಯುತ್ತಿದ್ದರೆ ನೀರು ಹಿಡಿದಿಡುವ ಪದರವೇ ಲಾರಿಯಲ್ಲಿ ಹೋಗುತ್ತಿದೆ ಎಂದು ತಿಳಿಯಿರಿ.

2019ರ ಮೇ ತಿಂಗಳು ನೆನಪಿದೆಯೇ? ನೀವು ಆಗ ಚಿಕ್ಕವರು. ಸ್ವರ್ಣಾ ಹೊಳೆಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡಿತು. ಉಡುಪಿ, ಮಣಿಪಾಲಕ್ಕೆ ನಳ್ಳಿ ನೀರು ಸರದಿಯಾಯಿತು. ಹೊಳೆಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪು ಇಟ್ಟು ಎತ್ತಿ ಹರಿಸಿದರು. ಅದೇ ತಿಂಗಳು ಧರ್ಮಸ್ಥಳದಲ್ಲಿ ನೇತ್ರಾವತಿ ಬತ್ತಿ, ಯಾತ್ರೆಯನ್ನು ಮುಂದೂಡಿ ಎಂದು ಭಕ್ತರಲ್ಲಿ ಕೇಳಿಕೊಳ್ಳಬೇಕಾಯಿತು. 4000 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ! ಬೇಸಿಗೆಯಲ್ಲಿ ಹೊಳೆಗೆ ನೀರು ಕೊಡುವುದು ಮೋಡವಲ್ಲ, ಗುಡ್ಡೆಗಳ ಈ ಸಾವಿರಾರು ಸಣ್ಣ ಒರತೆಗಳು. ನೀವು ಮೀಯುವ ಹೊಂಡ ತುಂಬಿ ಹರಿದು ತೋಡಾಗಿ, ತೋಡು ಹೊಳೆಯಾಗಿ, ಅದೇ ನೀರು ಮರುವಾರ ನಿಮ್ಮ ಹಾಸ್ಟೆಲಿನ ನಳ್ಳಿಗೆ ಬಂದಿದ್ದರೂ ಬಂದೀತು.

ಆದ್ದರಿಂದ ಮೀಯಲು ಮಾತ್ರ ಬರಬೇಡಿ, ಕೆಲಸಕ್ಕೂ ಬನ್ನಿ. ನವೆಂಬರ್, ಡಿಸೆಂಬರಿನಲ್ಲಿ ತೋಡುಗಳಿಗೆ ಕಟ್ಟ ಹಾಕುತ್ತಾರೆ, ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುತ್ತಾರೆ. ಹಿಂದೆ ಊರಿಗೆ ಊರೇ ಸೇರಿ ಮಣ್ಣು ಹೊರುತ್ತಿತ್ತು, ಈಗ ಮನೆಗಳಲ್ಲಿ ಉಳಿದವರು ವಯಸ್ಸಾದವರು. ಮರಳು ತುಂಬಿದ ಚೀಲ ಎತ್ತಲು ತೋಳು ಬೇಕು, ಅದು ನಿಮ್ಮಲ್ಲಿದೆ. ಏಪ್ರಿಲ್ ಕೊನೆಗೆ ನೀರು ಇಳಿದಾಗ ಒರತೆಯ ಹೂಳು ತೆಗೆಯುವ ಕೆಲಸ ಉಂಟು. ಹೊಂಡದ ಬಾಯಿಯಿಂದ ಶುರುಮಾಡಿ ಕಣ್ಣಿನ ಕಡೆಗೆ ಹೋಗಬೇಕು, ಕಣ್ಣಿನ ಹತ್ತಿರ ಹಾರೆ ಹಾಕಬಾರದು, ಕೈಯಿಂದಲೇ ಎಲೆ ಕೊಳೆಯನ್ನು ಬಾಚಿ ತೆಗೆಯಬೇಕು. ತೆಗೆದ ಹೂಳನ್ನು ದಡದಲ್ಲಿ ಬಿಡಬಾರದು, ಮೊದಲ ಮಳೆಗೇ ವಾಪಸು ಬರುತ್ತದೆ. ಬುಟ್ಟಿಯಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಎಲ್ಲಿ ಯಾವ ದಿನ ಎಂಬುದನ್ನು ನೀವು ಮೀಯಲು ಅಪ್ಪಣೆ ಕೇಳಿದ ಆ ಮನೆಯಲ್ಲೇ ವಿಚಾರಿಸಿ. ಹಳೆಯ ಬಟ್ಟೆ ಹಾಕಿಕೊಂಡು ಬೆಳಗ್ಗೆ ಏಳಕ್ಕೆ ಮುಂಚೆ ಬಂದರೆ ಬಿಸಿಲೇರುವಷ್ಟರಲ್ಲಿ ಮುಗಿಯುತ್ತದೆ.